ಗೇಟಿನಲ್ಲಿ ಉಳಿದ ಮೂಟೆ

ಅವನು ಕಲ್ಲುಮನಸ್ಸಿನ ಮನುಷ್ಯ. ಸರ್ಕಾರಿ ಆಸ್ಪತ್ರೆಯ ಗೇಟು ಕಾಯುತ್ತಿದ್ದ ಅವನಿಗೆ ಆಯಾಗಳು ಬೀಗದಪ್ಪ ಎಂದು ಹೆಸರಿಟ್ಟಿದ್ದರು. ಆ ಹೆಸರು ಹೆಂಡತಿಗೂ ಒಪ್ಪಿಗೆಯಾಗಿತ್ತು. ಮೊದಲು ಗೋದಾಮು ಕಾಯುತ್ತಿದ್ದವನು, ಮನುಷ್ಯರನ್ನೂ ಸರಕಿನ ಹಾಗೇ ನೋಡುತ್ತಾನೆ ಎಂಬುದು ಬೀದಿಬದಿಯ ರೋಗಿಗಳನ್ನು ಕರೆತರುವ ನರ್ಸಿನ ತೀರ್ಮಾನ. ಹಿಂದೊಮ್ಮೆ ಯಾರದೋ ಗಂಟಿನಿಂದ ವಾರ್ಡಿಗೆಲ್ಲ ತಿಗಣೆ ಹತ್ತಿ, ಆಗಿನ ಕಾವಲುಗಾರ ಕೆಲಸ ಕಳೆದುಕೊಂಡಿದ್ದ. ಅಂದಿನಿಂದ ಗಂಟುಮೂಟೆ ಒಳಗೆ ಬಿಡುವಂತಿಲ್ಲ.

ಆ ಮಧ್ಯಾಹ್ನ ನರ್ಸ್ ಬಸ್ ನಿಲ್ದಾಣದ ಅಜ್ಜಿಯನ್ನು ವ್ಯಾನಿನಲ್ಲಿ ಕರೆತಂದಳು. ಅಜ್ಜಿಯ ಕಾಲ್ಬೆರಳುಗಳು ಕಪ್ಪಾಗಿದ್ದವು. ಮೈ ಕೆಂಡದ ಹಾಗೆ ಸುಡುತ್ತಿತ್ತು. ಇವತ್ತೇ ಆಪರೇಷನ್ ಆಗದಿದ್ದರೆ ಜೀವ ಉಳಿಯುವುದಿಲ್ಲ ಎಂದು ಸರ್ಜನ್ ಫೋನಿನಲ್ಲೇ ಹೇಳಿದ್ದರು. ಸ್ಟ್ರೆಚರ್ ಗೇಟಿಗೇ ಬಂದಿತ್ತು. ಅಜ್ಜಿ ಮಾತ್ರ ಗೋಣಿಮೂಟೆ ಅಪ್ಪಿಕೊಂಡು ಕೂತಲ್ಲಿಂದ ಕದಲಲಿಲ್ಲ.

“ಮೂಟೆ ಇಲ್ಲೇ ಇರಲಿ ಅಜ್ಜಿ, ನಾನು ನೋಡ್ಕೋತೀನಿ,” ಎಂದ ಬೀಗದಪ್ಪ.

“ಹೋದ ಸಲಾನೂ ನೀನು ಇದೇ ಅಂದೆ. ನಾನು ಡ್ರೆಸಿಂಗ್ ಮಾಡಿಸ್ಕೊಂಡು ಬರೋದ್ರೊಳಗೆ ಕಸದ ಗಾಡಿಗೆ ಹಾಕಿಸಿದ್ದೆ. ಕಂಬಳಿ, ಸಕ್ಕರೆ ಕಾಯಿಲೆ ಮಾತ್ರೆ, ಗಟ್ಟಿ ಚಪ್ಪಲಿ, ಎಲ್ಲಾ ಅದರಲ್ಲೇ ಇತ್ತು ಕಣೋ.”

ಅಜ್ಜಿ ಮತ್ತೆ ಯಾಕೆ ಡ್ರೆಸಿಂಗಿಗೆ ಬರಲಿಲ್ಲ ಎಂಬುದು ನರ್ಸಿಗೆ ಈಗ ಅರ್ಥವಾಯಿತು. “ಹೌದೇನಣ್ಣ?”

“ಕಸ ಅನ್ಕೊಂಡೆ ಸಿಸ್ಟರ್,” ಎಂದ ಅವನು, ನೆಲ ನೋಡುತ್ತ.

“ಕೊಡಿ ಅಜ್ಜಿ, ನಾನಿಟ್ಕೋತೀನಿ,” ಎಂದಳು ನರ್ಸ್.

“ನೀನು ಇನ್ನೊಬ್ಬ ರೋಗಿ ಹಿಂದೆ ಓಡ್ತೀಯ ತಾಯಿ. ಆಮೇಲೆ ಇದಕ್ಕೆ ದಿಕ್ಕು ಯಾರು? ಇವನೇ.” ಅಜ್ಜಿಯ ಹಲ್ಲು ಕಟಕಟ ಎನ್ನುತ್ತಿತ್ತು. “ಇಲ್ಲೇ ಸಾಯ್ತೀನಿ ಬಿಡು. ನನ್ನನ್ನೂ ಮೂಟೇನೂ ಒಂದೇ ಗಾಡಿಗೆ ಹಾಕ್ಲಿ, ಇವನಿಗೂ ಕೆಲಸ ಹಗುರ.”

“ಸಿಸ್ಟರ್, ತಡ ಆದ್ರೆ ಥಿಯೇಟರ್ ಬೇರೆ ಕೇಸಿಗೆ ಹೋಗುತ್ತೆ,” ಎಂದು ಸ್ಟ್ರೆಚರಿನವನು ಅವಸರಿಸಿದ. ಅಜ್ಜಿಯ ಕಣ್ಣು ತೇಲತೊಡಗಿತ್ತು. ಮೂಟೆಯ ಮೇಲಿನ ಹಿಡಿತ ಸಡಿಲವಾಗಿರಲಿಲ್ಲ. ಎಳೆದುಕೊಳ್ಳಲೇ ಎಂದು ನರ್ಸ್ ಯೋಚಿಸಿದಳು. ಎಳೆದುಕೊಂಡರೆ ನಿಲ್ದಾಣದ ಉಳಿದವರು ಯಾರೂ ಇನ್ನು ತನ್ನ ವ್ಯಾನು ಹತ್ತುವುದಿಲ್ಲ.

ಬೀಗದಪ್ಪ ಸೂಪರ್‌ವೈಸರ್ ಕೋಣೆಯ ಕಡೆ ಒಮ್ಮೆ ನೋಡಿದ. ಬೂಟಿಲ್ಲದೆ ಗೇಟಿನಲ್ಲಿ ನಿಂತವನನ್ನು ಆ ಮನುಷ್ಯ ನಿಂತ ಕಾಲಲ್ಲೇ ಮನೆಗೆ ಕಳಿಸುತ್ತಿದ್ದ. ಬೀಗದಪ್ಪ ಮೆಟ್ಟಿಲ ಮೇಲೆ ಕೂತು ಲೇಸು ಬಿಚ್ಚಿದ; ಎರಡೂ ಬೂಟು ತಂದು ಅಜ್ಜಿಯ ಮಡಿಲಿಗಿಟ್ಟ.

“ಇದು ನಿನ್ನ ಹತ್ರ ಇರ್ಲಿ. ಮೂಟೆ ಕೊಟ್ಟಾಗ ವಾಪಸ್ ಕೊಡು.”

ಅಜ್ಜಿ ಬೂಟು ತಿರುಗಿಸಿ ಅಡಿ ನೋಡಿದಳು. “ಸವೆದು ಹೋಗಿದೆ,” ಎಂದು ಗೊಣಗಿ ಮೂಟೆ ಬಿಟ್ಟಳು.

ಸ್ಟ್ರೆಚರ್ ಒಳಕ್ಕೆ ಓಡಿತು. ನರ್ಸ್ ತಿರುವಿನಲ್ಲಿ ಹಿಂತಿರುಗಿ ನೋಡಿದಳು. ಸೂಪರ್‌ವೈಸರ್ ಗೇಟಿನ ಕಡೆಗೇ ಬರುತ್ತಿದ್ದ. ಕಾದ ಸಿಮೆಂಟಿನ ಮೇಲೆ ಬೀಗದಪ್ಪ ಕಾಲು ಬದಲಿಸುತ್ತ ಬರಿಗಾಲಲ್ಲಿ ನಿಂತಿದ್ದ. ಸೆಲ್ಯೂಟಿಗೆ ಕೈ ಎತ್ತಿದ. ಇನ್ನೊಂದು ಕೈಯಲ್ಲಿದ್ದ ಮೂಟೆಯನ್ನು ಕೆಳಗಿಡಲಿಲ್ಲ.