ಇದ್ದಲಿನವರ ಬೆಲ್ಲ

ಯಶವಂತಪುರದ ರೈಲು ಯಾರ್ಡಿನಲ್ಲಿ ಅಪ್ಪ ವ್ಯಾಗನ್ನಿನಿಂದ ಕಲ್ಲಿದ್ದಲು ಇಳಿಸುವ ಕೂಲಿ. ಉಗಿಬಂಡಿಗಳ ಕಾಲ ಅದು. ಸಂಜೆ ಕೈಕಾಲು ತೊಳೆಯುವ ಹೊತ್ತಿಗೆ ಕಂಟ್ರಾಕ್ಟರನ ಮೇಸ್ತ್ರಿ ತಲೆಗೊಂದು ಅಚ್ಚು ಬೆಲ್ಲ ಕೊಡುತ್ತಿದ್ದ. ಬೆಲ್ಲ ತಿಂದರೆ ಎದೆಗೆ ಹೋದ ಧೂಳು ಕೆಳಗಿಳಿದು ಹೋಗುತ್ತದೆ ಎಂಬುದು ಅಲ್ಲಿಯವರ ನಂಬಿಕೆ. ಇದ್ದಲಿನವರಿಗೆ ಔಷಧಿ ಅಂತ ಇದ್ದದ್ದು ಅದೊಂದೇ.

ಅಪ್ಪ ಅದನ್ನು ಪಂಚೆಯ ತುದಿಗೆ ಗಂಟು ಹಾಕಿಕೊಂಡು ಮನೆಗೆ ತರುತ್ತಿದ್ದ. ನಾವು ಮೂವರು ಹೆಣ್ಣುಮಕ್ಕಳು, ಗಂಟು ಬಿಚ್ಚುವ ಮೊದಲೇ ನಮ್ಮ ಜಗಳ ಶುರು. ಬೆಲ್ಲದ ಅಂಚಿಗೆ ಕಪ್ಪು ಮೆತ್ತಿರುತ್ತಿತ್ತು. ಒರೆಸಿಕೊಂಡು ತಿನ್ನುತ್ತಿದ್ದೆವು.

ನಾನು ಹೊಲಿಗೆ ಕೆಲಸಕ್ಕೆ ಸೇರಿದ ವರ್ಷ ಅಪ್ಪನಿಗೆ ದಮ್ಮು ಕಟ್ಟತೊಡಗಿತು. ಬಾವಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದ. ಬೀದಿಯವರೆಲ್ಲ ನಮ್ಮನ್ನು ‘ರೈಲ್ವೆಯವರು’ ಅಂತಲೇ ಕರೆಯುತ್ತಿದ್ದುದರಿಂದ ಅಮ್ಮ ಧೈರ್ಯವಾಗಿ ರೈಲ್ವೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಚೀಟಿ ಕಾಯಂ ನೌಕರರಿಗೆ ಮಾತ್ರವಂತೆ. ಅಪ್ಪ ರೈಲ್ವೆಯವನಲ್ಲ, ಕಂಟ್ರಾಕ್ಟರನ ಆಳು. ಕಂಟ್ರಾಕ್ಟರನಿಗೋ ಕೆಮ್ಮುವ ಆಳು ಬೇಕಿರಲಿಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಖಾಸಗಿ ಡಾಕ್ಟರರ ಹತ್ತಿರ ಹೋದೆವು. ಎಕ್ಸ್‌ರೇಗೆ ಅಮ್ಮನ ಓಲೆ ಹೋಯಿತು, ಇಂಜೆಕ್ಷನ್ನುಗಳಿಗೆ ಹಸು ಹೋಯಿತು. ಹಾಲಿನ ವರ್ತನೆಯೂ ನಿಂತಮೇಲೆ ಉಳಿದದ್ದು ನನ್ನ ಹೊಲಿಗೆಯೊಂದೇ. ಸಾಕುಸಾಕಾಗಿತ್ತು ನನಗೆ. ಅದಕ್ಕಿಂತ ಹೆಚ್ಚಾಗಿ ಒಂದು ಯೋಚನೆ ಕೊರೆಯುತ್ತಿತ್ತು: ಅಪ್ಪನ ಔಷಧಿಯನ್ನು ತಿಂದು ಮುಗಿಸಿದವರು ನಾವೇ.

ಒಂದು ದಿನ ಡಾಕ್ಟರರನ್ನು ಕೇಳಿಯೇ ಬಿಟ್ಟೆ.

“ಬೆಲ್ಲ ಹೋಗೋದು ಹೊಟ್ಟೆಗೆ, ಧೂಳು ಕೂತಿರೋದು ಶ್ವಾಸಕೋಶದಲ್ಲಿ. ತಿಂದಿದ್ರೂ ಏನೂ ಆಗ್ತಿರ್ಲಿಲ್ಲಮ್ಮ,” ಎಂದರು. ಇನ್ನು ವಾಸಿಯಾಗುವುದಿಲ್ಲ ಎಂದೂ ಅವತ್ತೇ ಹೇಳಿದರು. ಆದರೂ ನನಗೆ ಹಗುರವಾಯಿತು, ಮುಚ್ಚಿಡುವುದೇನು. ಮನೆಗೆ ಬಂದು ಬೆಲ್ಲದ ಸಂಗತಿಯನ್ನು ಮಾತ್ರ ಅಪ್ಪನಿಗೆ ಹೇಳಿದೆ.

ಜಗಲಿಯ ಗೋಡೆಗೆ ಒರಗಿದ್ದ ಅಪ್ಪ ನಕ್ಕ. “ನಂಗೆ ಆಗ್ಲೇ ಗೊತ್ತಿತ್ತು ಕಣವ್ವ,” ಎಂದು ಉಸಿರಿಗಾಗಿ ಕಾದ. “ಅದ್ಕೇ ಮನೇಗ್ ತತ್ತಿದ್ದೆ.”

ನಂಬಿದೆ. ನಂಬಿ ಒಂದು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಅಪ್ಪ ತೀರಿಕೊಂಡಾಗ ಮಾತಾಡಿಸಲು ಯಾರ್ಡಿನ ಕೂಲಿಯವನೊಬ್ಬ ಬಂದ. “ನಿಮ್ಮಪ್ಪ ದಿನಾ ನನ್ನ ಎದುರ್ಗೆ ಕೂರ್ಸ್ಕೊಂಡು ಬೈದು ಬೈದು ನನ್ ಪಾಲಿನ ಬೆಲ್ಲ ತಿನ್ನಿಸ್ತಿದ್ರು ಕಣಕ್ಕ. ಇದ್ನ ತಿನ್ದೆ ಓದ್ರೆ ಸಾಯ್ತೀಯ ಕಣ್ಲಾ ಅಂತಿದ್ರು,” ಎಂದ.

ಅವನಿಗೆ ಕಾಫಿ ಮಾಡಲು ಒಳಗೆ ಹೋದವಳು ಬೆಲ್ಲದ ಡಬ್ಬಿ ತೆಗೆಯಲಾರದೆ ಹಾಗೇ ನಿಂತೆ.