ಗೌರಿಬಿದನೂರಿನ ಬೋರ್ಡು

ಹೋದ ವಾರ ಶಿಡ್ಲಘಟ್ಟದ ಪೇಟೆಗೆ ಔಷಧಿ ತರಲು ಹೋದವನು ದಾರಿ ತಪ್ಪಿ ಹಿಂದಿನ ಓಣಿಗೆ ಇಳಿದುಬಿಟ್ಟೆ. ಯಾವುದೋ ಮನೆಯ ಹಿತ್ತಲಿನಿಂದ ರೇಷ್ಮೆಗೂಡು ಬೇಯುವ ವಾಸನೆ ಬಂತು. ಕುದಿಯುವ ನೀರಿನಲ್ಲಿ ಗೂಡು ಮೆತ್ತಗಾಗುತ್ತ, ಒಳಗಿನ ಹುಳು ಬೇಯುವ ವಾಸನೆ ಅದು. ಒಮ್ಮೆ ಸೀರೆಗೆ, ಕೂದಲಿಗೆ ಹತ್ತಿದರೆ ಸೀಗೆಪುಡಿಗೂ ಬಗ್ಗುವುದಿಲ್ಲ. ಓಡಾಡುವ ಜನ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನಾನು ಅಲ್ಲೇ ನಿಂತೆ. ಆ ವಾಸನೆಯ ಕಾರಣಕ್ಕೇ ಒಬ್ಬ ಹೆಂಗಸನ್ನು ಒಂದು ಕಾಲದಲ್ಲಿ ನಾನು ಎಲ್ಲರಿಂದ ದೂರ ಕೂರಿಸುತ್ತಿದ್ದೆ...

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹೈಸ್ಕೂಲು ಮುಗಿಸಿ ಮೇಲೂರಿನ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿ ಸೇರಿದ್ದೆ. ಹಗಲು ಮಕ್ಕಳಿಗೆ ಪಾಠ, ದೀಪ ಹಚ್ಚುವ ಹೊತ್ತಿಗೆ ಭಜನೆ ಮಂದಿರದ ಜಗಲಿಯಲ್ಲಿ ವಯಸ್ಕರಿಗೆ ಪಾಠ. ನನಗೆ ಇನ್ನೂ ಮೀಸೆ ಸರಿಯಾಗಿ ಬಲಿತಿರಲಿಲ್ಲ. ಎದುರಿಗೆ ಕೂತವರಲ್ಲಿ ಮೊಮ್ಮಕ್ಕಳನ್ನು ಕಂಡವರೂ ಇದ್ದರು. ಆದರೂ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಿದ್ದೆ. ಸ್ಲೇಟು ಹಿಡಿದು ಕೂತವರೆಲ್ಲ ಮಕ್ಕಳೇ ಎಂದು ನನ್ನ ಎಣಿಕೆ.

ಆ ತರಗತಿಗೆ ಒಂದೇ ಮನೆಯಿಂದ ಅತ್ತೆ, ಸೊಸೆ ಇಬ್ಬರೂ ಬರುತ್ತಿದ್ದರು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಮನೆ. ನಾವು ಅವರನ್ನು ಅತ್ತೆ, ಸೊಸೆ ಎಂದೇ ಗುರುತಿಸುತ್ತಿದ್ದೆವು. ಮನೆಮಾತು ತೆಲುಗು. ಅತ್ತೆಗೆ ಸಿಟ್ಟು ಬಂದರೂ, ನಗು ಬಂದರೂ, ಕೊನೆಗೆ ಬಾಯಲ್ಲಿ ಒಂದೇ ಮಾತು, "ಪೋನೀಲೇ", ಹೋಗಲಿ ಬಿಡು ಅಂತ. ದಿನವೆಲ್ಲ ಬಿಸಿನೀರಿನಲ್ಲಿ ಅದ್ದಿ ಅವರ ಬೆರಳ ತುದಿಗಳು ಬಿಳಿಚಿ ಮರಗಟ್ಟಿರುತ್ತಿದ್ದವು. ಬಳಪ ಹಿಡಿದರೆ ಜಾರುತ್ತಿತ್ತು. ಗೂಡಿನ ವಾಸನೆ ಹೊಡೆಯುತ್ತದೆಂದು ಅತ್ತೆಯನ್ನು, ಜೊತೆಗೆ ಸೊಸೆಯನ್ನು, ಜಗಲಿಯ ಅಂಚಿಗೆ ಕೂರಿಸುತ್ತಿದ್ದೆ.

ಮೊದಲ ದಿನವೇ ಅತ್ತೆ ತಾವು ಬಂದ ಕಾರಣ ಹೇಳಿದ್ದರು. ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದರು. ಎರಡನೆಯ ಹೆರಿಗೆಗೆ ನೋವು ಕಾಣಿಸಿಕೊಂಡಿದೆ ಎಂದು ಸುದ್ದಿ ಬಂದಾಗ ಅತ್ತೆ ಒಬ್ಬರೇ ಹೊರಟರು. ಚಿಕ್ಕಬಳ್ಳಾಪುರದ ಬಸ್‌ ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಿದರೆ ಅವನು ತಿರುಗಿಯೂ ನೋಡದೆ "ಹತ್ತಮ್ಮಾ, ಹತ್ತು" ಎಂದನಂತೆ. ಹತ್ತಿ ಕೂತು ಇಳಿದದ್ದು ಚಿಂತಾಮಣಿಯಲ್ಲಿ! ಮಾರನೆಯ ಮಧ್ಯಾಹ್ನ ಮಗಳ ಮನೆ ಮುಟ್ಟುವ ಹೊತ್ತಿಗೆ ಮಗುವನ್ನು ಮಣ್ಣು ಮಾಡಿ ಬಂದಿದ್ದರು. ಮಗಳು ಅಳಲೂ ಇಲ್ಲವಂತೆ. "ಈಗ ಬಂದ್ಯಾ ಅಮ್ಮಾ" ಅಂದಳಂತೆ, ಅಷ್ಟೇ.

"ಅದ್ಕೇ ಮೇಷ್ಟ್ರಪ್ಪಾ, ಇನ್ಮೇಲೆ ಯಾರ್ನೂ ಕೇಳ್ಬಾರ್ದು. ನಾನೇ ಬೋರ್ಡ್ ಓದ್ಕೊಂಡು ಹತ್ಬೇಕು. ಗೌರಿಬಿದನೂರು ಅಂತ ಒಂದು ಹೇಳ್ಕೊಟ್ಬುಡು, ಸಾಕು" ಅಂದರು.

ನಾನು ನಕ್ಕೆ. "ಹಂಗೆಲ್ಲಾ ನಡುವಿಂದ ಕಲಿಯೋಕಾಗಲ್ಲಮ್ಮ. ಮೊದ್ಲು ಅ, ಆ. ಎಲ್ಲಾ ಕ್ರಮವಾಗಿ ಬರ್ತದೆ" ಅಂದೆ. ನಾನು ಕಲಿತದ್ದು ಹಾಗೆ, ಹಗಲು ಕಲಿಸುತ್ತಿದ್ದುದೂ ಹಾಗೆ. ಮಕ್ಕಳು ಯಾಕೆ ಎಂದು ಕೇಳುವುದಿಲ್ಲ. ಅ ಎಂದರೆ ಅ ಎನ್ನುತ್ತಾರೆ, ಗಂಟೆ ಹೊಡೆದರೆ ಓಡುತ್ತಾರೆ. ಅವರಿಗೆ ಮುಂದೆ ಬೇಕಾದಷ್ಟು ಕಾಲವಿದೆ. ದೊಡ್ಡವರು ದಣಿದು ಬರುತ್ತಾರೆ, ಒಂದು ಆಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಆ ಗಂಟನ್ನು ಮೊದಲು ಬಿಚ್ಚಬೇಕಿತ್ತು. ಇದನ್ನು ಈಗ ಬರೆಯುವುದು ಸುಲಭ...

ಸೊಸೆ ಚುರುಕು. ಹದಿನೆಂಟೋ ಇಪ್ಪತ್ತೋ ವಯಸ್ಸು, ಒಮ್ಮೆ ತೋರಿಸಿದರೆ ಸಾಕು. ಅತ್ತೆಗೆ ಹಾಗಲ್ಲ. ನಿನ್ನೆಯದು ಇಂದಿಗೆ ಇರುತ್ತಿರಲಿಲ್ಲ. ಅಂತೂ ತಿಂಗಳ ಮೇಲೆ ಋ ಅಕ್ಷರಕ್ಕೆ ಬಂದೆವು. ಅತ್ತೆ ಎಷ್ಟು ಬರೆದರೂ ಅದರ ಬಾಲ ಎತ್ತಲೋ ಹೋಗುತ್ತಿತ್ತು.

"ಇದ್ರಲ್ಲಿ ಯಾವ ಊರೈತೆ ಮೇಷ್ಟ್ರಪ್ಪಾ?" ಎಂದು ಕೇಳಿದರು.

"ಊರಲ್ಲ. ಋಷಿ. ಋ ಅಂದ್ರೆ ಋಷಿ."

"ಋಷಿ ಮನೇಗೆ ಬಸ್ಸು ಹೋಗ್ತದಾ?"

ಜಗಲಿಯೆಲ್ಲ ಗೊಳ್ಳೆಂದು ನಕ್ಕಿತು. ಗಂಡಸರ ಸಾಲಿನಲ್ಲಿದ್ದ ಗಾಡಿ ಹೊಡೆಯುವವನು, "ಹೋಗ್ತದಂತೆ ಅತ್ತೆ, ಗಡ್ಡ ಇದ್ದೋರ್ಗೆ ಟಿಕೀಟಿಲ್ವಂತೆ" ಎಂದು ಇನ್ನಷ್ಟು ನಗಿಸಿದ. ಅತ್ತೆಯೂ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ನನ್ನನ್ನು ಹಂಗಿಸಲು ಆಡಿದ ಮಾತಲ್ಲ ಅದು. ಆದರೆ ನನ್ನ ಕಿವಿ ಬಿಸಿಯಾಯಿತು. ಹಗಲು ನನ್ನ ನೆರಳು ಕಂಡರೆ ಗಪ್‌ಚಿಪ್ಪಾಗುವ ಮಕ್ಕಳು. ಇಲ್ಲಿ ನನ್ನೆದುರೇ ನಗು.

ಆಗಿನ ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಉತ್ತರ ಹೇಳಿದ ಹುಡುಗ, ಹೇಳದವನ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಮೇಷ್ಟ್ರು ಅವನಿಗೇ ಹೊಡೆದು ತೋರಿಸುತ್ತಿದ್ದರು. ನನ್ನ ಮೂಗನ್ನೂ ಹಿಡಿದಿದ್ದರು, ನಾನೂ ಹಿಡಿದಿದ್ದೆ.

"ಸುಮ್ನಿರಿ!" ಎಂದು ಗದರಿಸಿ ಅತ್ತೆಯ ಮುಂದೆ ಸ್ಲೇಟು ಹಿಡಿದೆ. "ಇದೇನು ಹೇಳು." ಗಾಬರಿಯಲ್ಲಿ ಅವರಿಗೆ ಹೊಳೆಯಲಿಲ್ಲ. ಸೊಸೆಯ ಕಡೆ ತಿರುಗಿದೆ. ಅವಳು ಮೆಲ್ಲಗೆ "ಋ" ಅಂದಳು.

"ಎದ್ದೇಳು. ಮೂಗು ಹಿಡಿದು ಹೊಡಿ."

ಅವಳು ಏಳಲಿಲ್ಲ. "ಬ್ಯಾಡಿ ಸ್ವಾಮಿ" ಅಂದಳು. ಗಾಡಿ ಹೊಡೆಯುವವನು ಕೂಡ ತಲೆ ತಗ್ಗಿಸಿದ. ಆಗಲೂ ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಸೋತ ಹಾಗೆ ಅನಿಸಿತು. "ಇಲ್ಲಿ ಅತ್ತೆ ಸೊಸೆ ಯಾರೂ ಇಲ್ಲ. ಎಲ್ಲಾ ವಿದ್ಯಾರ್ಥಿಗಳೇ" ಎಂದು ಕೂಗಿದೆ.

ಅತ್ತೆಯೇ ಮುಖ ಮುಂದೆ ಚಾಚಿದರು. "ಹಿಡ್ಕೊಳ್ಳೇ. ಮೇಷ್ಟ್ರು ಹೇಳ್ತಾವ್ರಲ್ಲ. ಪೋನೀಲೇ" ಅಂದರು. ಸೊಸೆ ಕಣ್ಣು ಮುಚ್ಚಿಕೊಂಡು ಮೂಗು ಮುಟ್ಟಿದಳು, ಕೆನ್ನೆಗೆ ಕೈ ತಾಗಿಸಿದಳು. ಸದ್ದೂ ಆಗಲಿಲ್ಲ. ಅತ್ತೆ ಸೆರಗು ಸರಿ ಮಾಡಿಕೊಂಡು ಮತ್ತೆ ಋ ತಿದ್ದಲು ಕೂತರು. ಅಂದು ಜಗಲಿಯಲ್ಲಿ ಮತ್ತಾರೂ ನಗಲಿಲ್ಲ.

ಮರುದಿನ ಇಬ್ಬರೂ ಬರಲಿಲ್ಲ. ಅದಾದ ಮೇಲೂ ಬರಲಿಲ್ಲ. ಒಂದು ಬೆಳಿಗ್ಗೆ ಸೊಸೆ ಎರಡೂ ಸ್ಲೇಟುಗಳನ್ನು ತೊಳೆದು ಶಾಲೆಯ ಬಾಗಿಲಿಗೆ ತಂದಳು. ಅತ್ತೆ ಬೈದರೇ ಎಂದು ಕೇಳಿದೆ.

"ಬೈದಿದ್ರೆ ಚೆನ್ನಾಗಿತ್ತು. ಏನೂ ಅನ್ಲಿಲ್ಲ. ಅದ್ಕೇ ನಂಗೆ ಅನ್ನ ಇಳೀತಿಲ್ಲ" ಅಂದಳು. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದವು. ಅವುಗಳ ಕಡೆ ನೋಡಿ, "ಇವು ಆಟಕ್ ಬಿಟ್ರೆ ಮರ್ತೋಗ್ತವೆ ಸ್ವಾಮಿ. ನಾವು ಒಂದೇ ಒಲೆ ಮುಂದೆ ಕೂತು ಉಣ್ಬೇಕಲ್ಲ" ಎಂದು ಹೊರಟುಹೋದಳು.

ಅವರ ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಇವತ್ತು, ನಾಳೆ ಎನ್ನುತ್ತ ದಿನ ದೂಡಿದೆ. ಮೇಷ್ಟ್ರು ಕ್ಷಮೆ ಕೇಳುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಿಟ್ಟರು. ಕೊನೆಗೆ ಲಾಟೀನಿನ ಮುಂದೆ ನಾನೊಬ್ಬನೇ ಸ್ವಲ್ಪ ಹೊತ್ತು ಕೂತು, ದೀಪ ಆರಿಸಿ ಎದ್ದು ಬರುತ್ತಿದ್ದೆ. ವರ್ಗವಾದಾಗ ಹೇಳದೆ ಹೊರಟೆ.

ಎಷ್ಟೋ ವರ್ಷದ ಮೇಲೆ, ಅವರೆಕಾಯಿ ಕಾಲದಲ್ಲಿ, ಚಿಕ್ಕಬಳ್ಳಾಪುರದ ಬಸ್‌ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಅತ್ತೆ ಕಂಡರು. ಕೂದಲು ಪೂರ್ತಿ ಬಿಳಿ, ಕಂಕುಳಲ್ಲಿ ಅವರೆಕಾಯಿಯ ಚೀಲ. ಎದುರಿಗೇ ಬಸ್ಸು. ಅದರ ಹಣೆಯ ಮೇಲೆ ದಪ್ಪ ಅಕ್ಷರದ ಬೋರ್ಡು. ಅವರು ಬೋರ್ಡನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಲೆಂದು ಪಕ್ಕಕ್ಕೆ ತಿರುಗಿದರು. ಅಲ್ಲಿ ನಾನಿದ್ದೆ.

ಗುರುತು ಹಿಡಿದರು. ಕಣ್ಣಲ್ಲಿ ಅದು ಗೊತ್ತಾಯಿತು. ನಾನು ಗೌರಿಬಿದನೂರು ಎಂದು ಒಂದು ಮಾತು ಹೇಳಬೇಕಿತ್ತು, ಅಷ್ಟೇ. ಅವರು ತಲೆಯ ಮೇಲೆ ಸೆರಗೆಳೆದುಕೊಂಡು ನನ್ನನ್ನು ದಾಟಿ ಹೋಗಿ, ಕಡಲೆಕಾಯಿ ಮಾರುವವನನ್ನು ಕೇಳಿದರು: "ಅಪ್ಪಾ, ಇದು ಗೌರಿಬಿದನೂರ್ಗೆ ಹೋಗ್ತದಾ?" ಅವನು ಹೂಂ ಅಂದ. ನಂಬಿಕೆ ಸಾಲದೆ ಕಂಡಕ್ಟರನ್ನೂ ಕೇಳಿ ಹತ್ತಿದರು. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು...

ಗೌ, ರಿ, ಬಿ, ದ, ನೂ, ರು. ಒಂದು ಸಂಜೆ ಸಾಕಾಗಿತ್ತು. ಅವರ ಬೆರಳುಗಳ ಸ್ಥಿತಿಗೆ ಒಂದು ವಾರವೇ ಹಿಡಿಯಲಿ. ಅವರಿಗೆ ಬರೆಯುವುದೂ ಬೇಕಿರಲಿಲ್ಲ, ಕಂಡರೆ ಗುರುತು ಸಿಕ್ಕಿದ್ದರೆ ಸಾಕಿತ್ತು. ಅತ್ತೆ ತೀರಿಕೊಂಡದ್ದನ್ನು ಬಹಳ ತಡವಾಗಿ, ಯಾರದೋ ಮದುವೆಯ ಪಂಕ್ತಿಯಲ್ಲಿ ಕೇಳಿದೆ. ಎಲೆಯ ಮುಂದೆ ಕೂತವನಿಗೆ ಏಳಲೂ ಆಗಲಿಲ್ಲ, ಉಣ್ಣಲೂ ಆಗಲಿಲ್ಲ.

ಆ ಓಣಿಯಲ್ಲಿ ನಾನು ಬಹಳ ಹೊತ್ತು ನಿಂತಿದ್ದೆನೋ ಏನೋ. ಹಿತ್ತಲಿನಿಂದ ಒಬ್ಬ ಹೆಣ್ಣುಮಗಳು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ಯಾರ್ ಬೇಕಿತ್ತು ತಾತಾ?"

ಯಾರ ಹೆಸರು ಹೇಳಲಿ? "ಯಾರೂ ಇಲ್ಲಮ್ಮ. ದಾರಿ ತಪ್ಪಿದೆ. ಬಸ್‌ ಸ್ಟ್ಯಾಂಡು ಯಾವ ಕಡೆ?" ಅಂದೆ.

ಅವಳು ಓಣಿಯ ತುದಿಯವರೆಗೂ ನನ್ನ ಜೊತೆ ನಡೆದು ಬಂದು, ಬೆರಳು ಚಾಚಿ ತೋರಿಸಿದಳು. ಬೆರಳ ತುದಿ ಬಿಳಿಚಿತ್ತು. ನಾನು ಕೇಳಿದ್ದನ್ನು ಹೇಳಿದಳು, ತನ್ನ ಕೆಲಸಕ್ಕೆ ಮರಳಿದಳು. ನಾನು ಮೂಗಿಗೆ ಬಟ್ಟೆ ಹಿಡಿಯದೆ, ಅವಳು ತೋರಿಸಿದ ಕಡೆ ನಡೆದೆ.