ವೈದ್ಯನ ಕೆಲಸ ಹೋದದ್ದು

ನನ್ನ ಭಾವ ಪುಂಡರೀಕಾಕ್ಷ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ಉಡುಪಿಯಿಂದ ಮುಂಬಯಿ ಕಡೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಇಂಥ ಮನುಷ್ಯ ಡೊಂಬಿವಲಿಯ ಮನೆಯಲ್ಲಿ ಕೂತು ವಿಡಿಯೊ ಗೇಮ್ ಆಡುವುದನ್ನು ನೋಡಿ ಮೊದಮೊದಲು ನಾನೂ ನಕ್ಕೆ. ಈಗ ನಗು ಬರುವುದಿಲ್ಲ. ಮಗಳು ನಿಶಾ ಅಪ್ಪನೊಡನೆ ಮಾತಾಡುವುದು ಆ ಆಟದೊಳಗೆ ಮಾತ್ರ.

ಕಳೆದ ವರ್ಷ ಅವಳು ಗೆಳತಿಯರ ಜೊತೆ ಮೀನು ತಿಂದಳೆಂದು ತಿಳಿದಾಗ ಭಾವ, "ಇನ್ನು ನಮ್ಮ ಒಲೆ ಮುಟ್ಟಬೇಡ" ಅಂದುಬಿಟ್ಟರು. ಅವಳು ಒಲೆಯನ್ನಲ್ಲ, ಮನೆಯನ್ನೇ ಬಿಟ್ಟು ನವಿಮುಂಬಯಿಯ ನೆರೂಳಿನಲ್ಲಿ ರೂಮು ಹಿಡಿದಳು. ಫೋನ್ ಎತ್ತುವುದಿಲ್ಲ. ಆದರೆ ಲಾಕ್‌ಡೌನಿನಲ್ಲಿ ತಾನೇ ಅಪ್ಪನಿಗೆ ಕಲಿಸಿದ 'ಕಾಡುದಾರಿ' ಆಟಕ್ಕೆ ಭಾನುವಾರ ಮಧ್ಯಾಹ್ನ ತಪ್ಪದೆ ಬರುತ್ತಾಳೆ. ಅವಳು, ಅವಳ ಆಫೀಸಿನ ರಿತೇಶ್, ಭಾವ: ಮೂವರದೊಂದು ತಂಡ. ಅವಳ ಮಾತೂ ಹಿಂದಿಯಲ್ಲೇ, ಹೊರಗಿನವರೊಡನೆ ಆಡಿದ ಹಾಗೆ. "ಪಪ್ಪಾ, ಪೀಛೆ ದೇಖೋ," ಹಿಂದೆ ನೋಡಿ ಅಂತ. ಅಷ್ಟನ್ನಾದರೂ ಅಕ್ಕ ಕೇಳಲಿ ಎಂದು ಭಾವ ಸ್ಪೀಕರ್ ಹಾಕಿಡುತ್ತಾರೆ.

ಆ ಆಟದಲ್ಲಿ ಶುರುವಿಗೇ ನೀವು ಯಾರೆಂದು ಆರಿಸಿಕೊಳ್ಳಬೇಕು. "ಹೊಡೆದಾಟ ನಮ್ಮಿಂದಾಗದು" ಎಂದು ಭಾವ ವೈದ್ಯರಾದರು. ಗೆದ್ದಾಗ ಸಿಗುವ ಅಂಕಗಳನ್ನು ಕೂಡಿಟ್ಟು, ಬೇಕೆನಿಸಿದ ದಿನ ಅಷ್ಟನ್ನೂ ಗಾಯ ಮಾಯಿಸುವ ಮಂತ್ರಕ್ಕೆ ಸುರಿದರೆ ಮುಗಿಯಿತು. ಭಾವನಿಲ್ಲದೆ ಆ ಇಬ್ಬರು ಒಂದು ಹಳ್ಳವನ್ನೂ ದಾಟುತ್ತಿರಲಿಲ್ಲ.

ಆಮೇಲೆ ಆಟದ ಎರಡನೇ ಭಾಗ ಬಂತು. ಅದರಲ್ಲಿ ವೈದ್ಯನೇ ಇಲ್ಲ. ಅಂಕವಿಲ್ಲ, ಕೂಡಿಡುವುದಿಲ್ಲ, ಯಾವ ಕೆಲಸ ಮಾಡುತ್ತಾ ಹೋಗುತ್ತೀರೋ ಅದರಲ್ಲಷ್ಟೇ ಕೈ ಪಳಗುತ್ತದೆ. ಗಾಯ ಮಾಯಬೇಕಾದರೆ ಬೆಂಕಿ ಹೊತ್ತಿಸಿ ಅಡುಗೆ ಮಾಡಿ ಬಡಿಸಬೇಕು. ಹೋಟೆಲಿನವನಿಗೆ ಅಡುಗೆಯೇ ಸಿಕ್ಕಿತಲ್ಲ ಎಂದು ಭಾವ ಹಿಗ್ಗಿದರು. ಗೆಡ್ಡೆ ಬೇಯಿಸಿದರು, ಸೊಪ್ಪು ಬೇಯಿಸಿದರು. ಹಸಿವು ಹೋಯಿತು, ಗಾಯ ಹಾಗೇ ಉಳಿಯಿತು. ಗಾಯಕ್ಕೆ ಮೀನೇ ಆಗಬೇಕಂತೆ.

"ಭಾವ, ಅದು ಚಿತ್ರದ ಮೀನು. ಮುಳ್ಳಿಲ್ಲ, ವಾಸನೆಯಿಲ್ಲ. ಹಾಕಿಬಿಡಿ," ಅಂದೆ.

"ಕೈ ಹೋಗುದಿಲ್ಲ ಮಾರಾಯ," ಅಂದರು.

ನನಗೆ ಸಿಟ್ಟು ಬಂತು. ಮಡಿ ಮಾಡಲು ಇವರಿಗೆ ಬೇರೆ ಜಾಗ ಸಿಗಲಿಲ್ಲವೇ? ವಾರ ವಾರವೂ ತಂಡ ಸೋಲುತ್ತಾ ಬಂತು. ಒಂದು ಭಾನುವಾರ ರಿತೇಶ್, "ಅಂಕಲ್ ಕೀ ಜಗಹ್ ಮೇರೇ ದೋಸ್ತ್ ಕೋ ಲೇ ಲೇಂ?" ಅಂಕಲ್ ಬದಲು ನನ್ನ ಗೆಳೆಯನನ್ನು ಸೇರಿಸಿಕೊಳ್ಳೋಣವೇ ಎಂದು ಕೇಳಿಯೇಬಿಟ್ಟ. ನಿಶಾ ಬೇಡವೆನ್ನಲಿಲ್ಲ. "ಅಗಲೇ ಹಫ್ತೇ ದೇಖತೇ ಹೈಂ," ಮುಂದಿನ ವಾರ ನೋಡೋಣ, ಅಂದಳು.

ಆ ವಾರ ಭಾವನಿಗೆ ಅನ್ನ ಸೇರಲಿಲ್ಲ. ಠಾಣೆಯಲ್ಲಿ ಲೋಕಲ್ ಹತ್ತಿದವರು ಡೊಂಬಿವಲಿಯಲ್ಲಿ ಇಳಿಯಲು ಮರೆತು ಮುಂದಿನ ಕಲ್ಯಾಣ ಸ್ಟೇಷನ್ ನೋಡಿಕೊಂಡು ಬಂದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. "ಆ ಜಾಗವೂ ಹೋದರೆ ಅವಳ ಧ್ವನಿ ಎಲ್ಲಿ ಕೇಳುದು?" ಎಂದು ಅಕ್ಕ ನನ್ನೆದುರು ಅತ್ತಳು.

ಭಾನುವಾರ ನಾನೂ ಅಲ್ಲಿದ್ದೆ. ಆಟದಲ್ಲಿ ಹೊಳೆ ದಾಟುವಾಗ ಕರಡಿ ಮೇಲೆ ಬಿತ್ತು. ನಿಶಾಳ ಗೊಂಬೆ ನೆಲಕ್ಕುರುಳಿತು. "ಪಪ್ಪಾ, ಜಲ್ದೀ! ಕುಛ್ ಖಾನೇ ಕೋ ದೋ!" ತಿನ್ನಲು ಏನಾದರೂ ಕೊಡಿ ಎಂದು ಕೂಗಿದಳು. ಭಾವ ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. ಕಣ್ಣು ಮುಚ್ಚಿ ಗುಂಡಿ ಒತ್ತಿದರು. ಮೀನು ಪಾತ್ರೆಗೆ ಬಿತ್ತು.

ಯುದ್ಧಕಾಲೇ ಶಸ್ತ್ರಾಭ್ಯಾಸ. ಒಮ್ಮೆಯೂ ಮೀನು ಬೇಯಿಸದ ಕೈಗೆ ಆ ಆಟ ಏನು ಕೊಟ್ಟೀತು? ಪಾತ್ರೆಯಿಂದ ಕಪ್ಪು ಹೊಗೆ ಎದ್ದಿತು. ನಿಶಾಳ ಗೊಂಬೆ ಸತ್ತಿತು.

"ಬಸ್ ಅಂಕಲ್, ಹೋ ಗಯಾ," ಸಾಕು, ಮುಗಿಯಿತು ಎಂದು ರಿತೇಶ್ ನಕ್ಕ.

ಭಾವ ಮೈಕಿನ ಹತ್ತಿರ ಬಗ್ಗಿದರು. "ಮೀನೇ ಹಾಕಿದ್ದೆ ಮಗಾ. ಅಭ್ಯಾಸ ಇಲ್ಲ. ಸೀದುಹೋಯ್ತು."

ಗೊಂಬೆ ಸತ್ತ ಕೂಡಲೇ ಅವಳು ಆಟ ಬಿಟ್ಟು ಹೋದಳೆಂದೇ ನಾನು ತಿಳಿದಿದ್ದೆ.

"ರಿತೇಶ್, ಕಿಸೀ ಕೋ ಮತ್ ಬುಲಾ," ಯಾರನ್ನೂ ಕರೆಯಬೇಡ, ಅಂದಳು ನಿಶಾ. ಆಮೇಲೆ, ಮನೆ ಬಿಟ್ಟ ಮೇಲೆ ಮೊದಲ ಸಲ ಕನ್ನಡದಲ್ಲಿ, "ಇನ್ನೊಂದು ಹಾಕಿ ಪಪ್ಪಾ. ಕಲಿಯುವವರೆಗೆ ಸೀಯಲಿ."

ಭಾವ ಇನ್ನೊಂದು ಮೀನು ಹಾಕಿದರು. ಅದೂ ಸೀದಿತು.